ಏಡ್ರಿಯನ್ ದಾರ್ಯಾ 1

ಏಡ್ರಿಯನ್ ದಾರ್ಯಾ 1 ಇರಾನಿನ ಕಚ್ಚಾತೈಲವನ್ನು ಸಾಗಿಸಿದ ಬೃಹತ್ ತೈಲವಾಹಕ ಹಡಗು. 2019ರ ಆಗಸ್ಟ್ ತಿಂಗಳವರೆಗೆ ಇದರ ಹೆಸರು ಗ್ರೇಸ್ 1 ಎಂದಿತ್ತು. ಜಿಬ್ರಾಲ್ಟರಿನಲ್ಲಿ ತಡೆಹಿಡಿಯಲ್ಪಟ್ಟು, ಬಿಡುಗಡೆಗೊಂಡು, ಬಳಿಕ ಪೂರ್ವ ಮೆಡಿಟರೇನಿಯನ್ ಸಮುದ್ರದಲ್ಲಿ ತನ್ನ ಸ್ಥಾನಸೂಚಕ ಸಂಕೇತವನ್ನು ನಿಲ್ಲಿಸಿದ್ದರಿಂದ ಇದು ಜಗತ್ತಿನ ಗಮನ ಸೆಳೆಯಿತು.

ರಚನೆ ಮತ್ತು ಗುರುತು

1997ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಿರ್ಮಾಣವಾದ ಈ ಹಡಗಿನ ಉದ್ದ ಸುಮಾರು 330 ಮೀಟರ್. ಭಾರ ಹೊರುವ ಸಾಮರ್ಥ್ಯ ಸುಮಾರು 3 ಲಕ್ಷ ಟನ್. ಹಡಗಿನ ಹೆಸರು, ಒಡೆತನ, ಧ್ವಜಗಳು ಬದಲಾಗಬಹುದು. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ ಪದ್ಧತಿಯಂತೆ ದೊರೆಯುವ ಏಳು ಅಂಕಿಗಳ ಸಂಖ್ಯೆ ಮಾತ್ರ ಹಡಗು ಒಡೆಯುವವರೆಗೂ ಬದಲಾಗದು. ಈ ಹಡಗಿನ ಸಂಖ್ಯೆ 9116412. ಇದರ ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 112 ಬರುತ್ತದೆ. ಆ ಮೊತ್ತದ ಕೊನೆಯ ಅಂಕಿ 2 ಸಂಖ್ಯೆಯ ಏಳನೆಯ ಅಂಕಿಯಾಗಿದೆ. ಎಲ್ಲ ತಪ್ಪುಗಳೂ ಇದರಿಂದ ಸಿಕ್ಕಿಬೀಳದಿದ್ದರೂ, ಅನೇಕ ತಪ್ಪು ಸಂಖ್ಯೆಗಳನ್ನು ಪತ್ತೆಹಚ್ಚಲು ಈ ಸರಳ ಲೆಕ್ಕ ನೆರವಾಗುತ್ತದೆ.

ಹಡಗಿನ ಸ್ಥಾನವನ್ನು ತಿಳಿಸುವುದು ಎ.ಐ.ಎಸ್. ಎಂಬ ಸ್ವಯಂಚಾಲಿತ ರೇಡಿಯೋ ವ್ಯವಸ್ಥೆ. ಹಡಗುಗಳು ಪರಸ್ಪರ ಡಿಕ್ಕಿಯಾಗದಿರಲೆಂದು ರೂಪುಗೊಂಡ ಇದು ಸ್ಥಾನ, ವೇಗ, ದಿಕ್ಕುಗಳನ್ನು ತಾನಾಗಿಯೇ ಬಿತ್ತರಿಸುತ್ತದೆ. ಗಮ್ಯಸ್ಥಾನವನ್ನೂ ಹಡಗಿನ ತಳ ನೀರಿನಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದನ್ನೂ ನಾವಿಕರೇ ನಮೂದಿಸುತ್ತಾರೆ. ಆದುದರಿಂದ ಇವೆರಡನ್ನು ನಾವಿಕರ ಹೇಳಿಕೆಯೆಂದು ಭಾವಿಸಬೇಕೇ ಹೊರತು ಪ್ರಮಾಣವೆಂದಲ್ಲ.

2019ರ ಪ್ರಕರಣ

ಸುಮಾರು 21 ಲಕ್ಷ ಬ್ಯಾರೆಲ್ ತೈಲ ಹೊತ್ತು ಆಫ್ರಿಕಾ ಖಂಡವನ್ನು ಬಳಸಿಕೊಂಡು ಬಂದ ಹಡಗನ್ನು ಜುಲೈ 4ರಂದು ಬ್ರಿಟಿಷ್ ನೌಕಾಯೋಧರ ನೆರವಿನಿಂದ ಜಿಬ್ರಾಲ್ಟರ್ ಆಡಳಿತ ವಶಪಡಿಸಿಕೊಂಡಿತು. ಯುರೋಪಿಯನ್ ಒಕ್ಕೂಟದ ನಿರ್ಬಂಧ ಮೀರಿ ತೈಲ ಸಿರಿಯಾಕ್ಕೆ ಹೋಗುತ್ತಿದೆ ಎಂಬುದು ಆರೋಪ. ಜುಲೈ 19ರಂದು ಇರಾನ್ ಹಾರ್ಮುಜ್ ಜಲಸಂಧಿಯಲ್ಲಿ ಬ್ರಿಟಿಷ್ ಧ್ವಜದ ಸ್ಟೆನಾ ಇಂಪೆರೊ ಹಡಗನ್ನು ಹಿಡಿಯಿತು. ಅದರ ನಾವಿಕರಲ್ಲಿ 18 ಮಂದಿ ಭಾರತೀಯರು.

ಆಗಸ್ಟ್ 15ರಂದು ಬಿಡುಗಡೆಯ ಆದೇಶವಾಯಿತು. ಹಡಗು ಹೊಸ ಹೆಸರು ಮತ್ತು ಇರಾನಿನ ಧ್ವಜದೊಂದಿಗೆ ಹೊರಟಿತು. ಗಮ್ಯಸ್ಥಾನವೆಂದು ಮೊದಲು ಗ್ರೀಸಿನ ಕಲಮಾಟಾ, ಬಳಿಕ ಟರ್ಕಿಯ ಮೆರ್ಸಿನ್ ಕಾಣಿಸಿದವು. ಎರಡೂ ಕಡೆಗೆ ಅದು ಹೋಗಲಿಲ್ಲ. ಹಡಗನ್ನು ವಶಪಡಿಸಿಕೊಳ್ಳಬಹುದಾದ ಕಡೆಗೆ ಒಯ್ದರೆ ಲಕ್ಷಾಂತರ ಡಾಲರ್ ನೀಡುವುದಾಗಿ ಅಮೆರಿಕದ ಅಧಿಕಾರಿಯೊಬ್ಬರು ಅದರ ಭಾರತೀಯ ಕಪ್ತಾನನಿಗೆ ಇಮೇಲ್ ಬರೆದರು. ಕಪ್ತಾನ ಒಪ್ಪಲಿಲ್ಲ. ಆಗಸ್ಟ್ 30ರಂದು ಅಮೆರಿಕ ಹಡಗಿನೊಡನೆ ಆತನ ಮೇಲೂ ನಿರ್ಬಂಧ ಹೇರಿತು. ಸೆಪ್ಟೆಂಬರ್ 2ರಂದು ಸಂಕೇತ ನಿಂತಿತು. ಕಡಲ್ಗಳ್ಳರ ಭಯದಂತಹ ಅಪಾಯದಲ್ಲಿ ಸಂಕೇತ ನಿಲ್ಲಿಸಲು ಕಪ್ತಾನನಿಗೆ ಅವಕಾಶವುಂಟು. ಇಲ್ಲಿ ಅಂಥ ಅಪಾಯವೇನೂ ಕಂಡುಬಂದಿರಲಿಲ್ಲ. ಸೆಪ್ಟೆಂಬರ್ 6ರ ಉಪಗ್ರಹ ಚಿತ್ರದಲ್ಲಿ ಹಡಗು ಸಿರಿಯಾದ ತಾರ್ತೂಸ್ ಬಂದರಿನ ಸಮೀಪ ಕಾಣಿಸಿತು.