ಹಳದೀಪುರದ ಹೆಸರು: ಸಾಕ್ಷಿ ಒಂದೋ ಎರಡೋ?

ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿರುವ ಹಳದೀಪುರವು ಇತಿಹಾಸಾಭ್ಯಾಸಿಗಳಿಗೆ ಎರಡು ಕಾರಣಗಳಿಂದ ಪರಿಚಿತ. ಪಲ್ಲವರಾಜ ಗೋಪಾಲದೇವನ ತಾಮ್ರಶಾಸನವು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎರಡನೆಯದು ಊರ ಹೆಸರಿನ ಕಥೆ. ನನ್ನ ಸ್ನಾತಕೋತ್ತರ ಪ್ರಬಂಧವನ್ನು ಬರೆಯುವಾಗ ಇವೆರಡರ ವಿಷಯವಾಗಿಯೂ ಮಾರ್ಗದರ್ಶಕರ ಸೂಚನೆಯನ್ನು ನಾನು ಶಂಕಿಸಿದ್ದೆನು. ಒಂದರಲ್ಲಿ ಅವರದೇ ಸರಿ. ಇನ್ನೊಂದರಲ್ಲಿ, ಸರಿಯಲ್ಲವೆಂದು ತೋರಿದ್ದರೂ ಅವರು ಹೇಳಿದಂತೆಯೇ ಬರೆದೆನು. ಆ ಬರಹದ ತಿದ್ದುಪಡಿಯೇ ಈ ಲೇಖನ.

1801ರಲ್ಲಿ ಈ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ನನು, ಊರ ಮೊದಲ ಹೆಸರು ಹಂದಿಪುರವೆಂದೂ, ಅದು ಮುಸಲ್ಮಾನ ಪ್ರಭುಗಳಿಗೆ ಅಸಹ್ಯವಾದುದರಿಂದ ಹಳದೀಪುರವೆಂದು ಬದಲಾಯಿತೆಂದೂ ತಿಳಿಸುತ್ತಾನೆ. ಅವನ ಪ್ರವಾಸಗ್ರಂಥ ಅಚ್ಚಾದುದು 1807ರಲ್ಲಿ. 1883ರ ಮುಂಬಯಿ ಗ್ಯಾಝೆಟಿಯರಿನ ಕೆನರಾ ಸಂಪುಟದಲ್ಲಿಯೂ ಇದೇ ಮಾತಿದೆ. "ಎರಡು ಆಧಾರಗಳಿವೆ, ಇನ್ನೇನು ಬೇಕು? ಮುಗಿಯಿತೆಂದು ಬರೆಯಿರಿ" ಎಂದರು ಗುರುಗಳು.

ಆದರೆ ಗ್ಯಾಝೆಟಿಯರು ಈ ಸೀಮೆಯ ಊರುಗಳನ್ನು ವರ್ಣಿಸುವಾಗ ಪದೇಪದೇ ಬುಕಾನನ್ನನನ್ನೇ ಅವಲಂಬಿಸುತ್ತದೆ. ಒಬ್ಬನ ಮಾತನ್ನು ಇನ್ನೊಬ್ಬನು ಮತ್ತೆ ನುಡಿದರೆ ಸಾಕ್ಷಿಗಳು ಇಬ್ಬರಾಗುವುದಿಲ್ಲ. ಹೆಸರೂ ಯೋಚನೆಗೆ ಎಡೆಗೊಡುತ್ತದೆ. ಕನ್ನಡದಲ್ಲಿ ಬೇರಿಗೆ ಅರಿಶಿನವೆಂದು ಹೆಸರು, ಹಳದಿಯೆಂಬುದು ಬಣ್ಣ. ಅರಮನೆಯ ಅಪ್ಪಣೆಯಿಂದ ಬಂದ ಹೆಸರಾದರೆ ಅದರ ಮೂಲ ಹಿಂದೂಸ್ತಾನಿಯ 'ಹಲ್ದೀ' ಆಗಿರಬೇಕು. ಈ ತೀರದಲ್ಲಿ ಮನೆಮಾತಾಗಿರುವ ಕೊಂಕಣಿಯಲ್ಲಿಯಾದರೋ ಅರಿಶಿನಕ್ಕೇ ಹಳದಿಯೆನ್ನುವರು, ಅದೂ ಳಕಾರದಿಂದ. ಹೀಗಿರುವಾಗ ಹೆಸರು ಜನರ ಬಾಯಲ್ಲಿಯೇ ಹುಟ್ಟಿರಲಾರದೇ? ಇಷ್ಟರಿಂದ ಏನೂ ಸಿದ್ಧವಾಗದೆಂಬುದನ್ನು ಬಲ್ಲೆ. ಹಿಂದೂಸ್ತಾನಿಯ ಶಬ್ದವೂ ಕನ್ನಡಿಗರ ನಾಲಗೆಯಲ್ಲಿ ಳಕಾರವನ್ನು ಪಡೆಯಬಹುದು.

ಗುರುಗಳ ಪಕ್ಷದಲ್ಲಿ ಹೇಳಬೇಕಾದುದೂ ಇದೆ. ಹೈದರಾಲಿಯು ಬಿದನೂರನ್ನು ಗೆದ್ದುದು 1763ರಲ್ಲಿ. ಬುಕಾನನ್ನನು ಬಂದುದು ಮೂವತ್ತೆಂಟು ವರ್ಷಗಳ ತರುವಾಯ. ಹಳೆಯ ಹೆಸರನ್ನು ಕಿವಿಯಾರೆ ಕೇಳಿದ್ದ ಮುದುಕರು ಆಗ ಬದುಕಿದ್ದಿರಲೇಬೇಕು. ಆದುದರಿಂದ ಆ ಒಂಟಿ ಸಾಕ್ಷಿ ದುರ್ಬಲವಲ್ಲ. ಆದರೂ ಒಂಟಿಯೇ. 1763ಕ್ಕೆ ಮುಂಚಿನ ಕಡತವೊಂದರಲ್ಲಿ ಊರ ಹೆಸರು ದೊರೆತರೆ ವಾದ ತೀರುತ್ತದೆ.

ಇದನ್ನೆಲ್ಲ ಆಗಲೇ ಬರೆಯಬಹುದಾಗಿತ್ತು. ಪ್ರಬಂಧಕ್ಕೆ ಗುರುಗಳ ರುಜು ಬೇಕಾಗಿತ್ತು. ನನಗೆ ನೌಕರಿ ಬೇಕಾಗಿತ್ತು. "ಎರಡು ಸ್ವತಂತ್ರ ಆಧಾರಗಳಿಂದ ಸಿದ್ಧವಾಗಿದೆ" ಎಂದು ಬರೆದೆನು. 'ಸ್ವತಂತ್ರ' ಎಂಬ ಶಬ್ದ ಅವರದಲ್ಲ, ನನ್ನದು.

ತಾಮ್ರಶಾಸನದ ವಿಷಯದಲ್ಲಿ ಮಾತ್ರ ತಪ್ಪಿದವನು ನಾನು. ಎಪಿಗ್ರಾಫಿಯಾ ಇಂಡಿಕಾದಲ್ಲಿ ಆರ್. ಎಸ್. ಪಂಚಮುಖಿಯವರು ಪ್ರಕಟಿಸಿದ ಆ ಶಾಸನವನ್ನು ಹಿಡಿದು, ಎಂಟನೆಯ ಶತಮಾನದ ಹೊತ್ತಿಗೇ ಹಳದೀಪುರವು ರಾಜಧಾನಿಯಾಗಿದ್ದಿತೆಂದು ಒಂದು ಅಧ್ಯಾಯವನ್ನೇ ಕಟ್ಟಿದ್ದೆನು. ಗುರುಗಳು ಅದನ್ನು ಪೂರ್ತಿಯಾಗಿ ಹೊಡೆದುಹಾಕಿದರು. ಕಲ್ಲು ನಿಂತಲ್ಲೇ ನಿಲ್ಲುತ್ತದೆ, ತಾಮ್ರಪಟವಾದರೋ ಒಡೆಯನ ಪೆಟ್ಟಿಗೆಯೊಡನೆ ಊರೂರು ತಿರುಗುತ್ತದೆ, ಎಂದರು. ಶಾಸನ ಸಿಕ್ಕಿದ ಊರು ಬೇರೆ, ಅರಸನ ಊರು ಬೇರೆ ಆಗಿರಬಹುದೆಂಬ ಈ ವಿವೇಕ ಅಂದು ನನಗಿರಲಿಲ್ಲ. ಒಂದು ತಿಂಗಳು ಮುನಿಸಿಕೊಂಡಿದ್ದೆನು.

ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬನು ತನ್ನ ಕರಡಿನಲ್ಲಿ ಹಂದಿಪುರದ ಕಥೆಗೆ ಮೂರು ಆಧಾರಗಳನ್ನು ಕೊಟ್ಟಿದ್ದನು: ಬುಕಾನನ್, ಗ್ಯಾಝೆಟಿಯರ್, ನನ್ನ ಪ್ರಬಂಧ. ಕೊನೆಯ ಎರಡನ್ನು ಹೊಡೆದುಹಾಕಲು ಹೇಳಿದೆನು. "ನಿಮ್ಮದನ್ನೂ ಹೊಡೆಯಲೇ, ಸರ್?" ಎಂದು ಅವನು ಸಂಕೋಚದಿಂದ ಕೇಳಿದನು. ಮೊದಲು ಅದನ್ನೇ, ಎಂದೆನು.