ಒಬ್ಬ ಜಕಣ, ಹಲವು ಓಜರು

ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ ಯಾವುದೆಂದು ಕೇಳಿದರೆ ಹಳೆಯ ಸಿನಿಮಾ ಬಲ್ಲವರು ತಡವರಿಸದೆ ಹೇಳುತ್ತಾರೆ: 1964ರ ‘ಅಮರಶಿಲ್ಪಿ ಜಕಣಾಚಾರಿ’. ಮಾಗಡಿ ಮೂಲದ ಬಿ.ಎಸ್. ರಂಗಾ ಮದರಾಸಿನ ತಮ್ಮ ವಿಕ್ರಂ ಸಂಸ್ಥೆಯಿಂದ ಅದನ್ನು ತಯಾರಿಸಿ ನಿರ್ದೇಶಿಸಿದರು. ಕಲ್ಯಾಣ್ ಕುಮಾರ್ ಜಕಣನಾದರು, ಬಿ. ಸರೋಜಾದೇವಿ ಅವನ ಮನದನ್ನೆ ಮಂಜರಿಯಾದರು. ಅದೇ ವರ್ಷ ತೆಲುಗಿನಲ್ಲೂ ಈ ಕಥೆ ತೆರೆಗೆ ಬಂತು; ಅಲ್ಲಿ ಜಕ್ಕನ್ನನ ಪಾತ್ರ ಅಕ್ಕಿನೇನಿ ನಾಗೇಶ್ವರರಾವ್ ಅವರದು, ನಾಯಕಿ ಮತ್ತೆ ಸರೋಜಾದೇವಿಯೇ.

ಇಂಥ ಪ್ರೇಮಕಥೆಗೆ ಯಾವ ಕಿರುಕಾದಂಬರಿಯನ್ನೂ ಹುಡುಕಬೇಕಾಗಿರಲಿಲ್ಲ. ಬೇಕಾದದ್ದೆಲ್ಲ ಐತಿಹ್ಯದಲ್ಲೇ ಇತ್ತು. ತುಮಕೂರು ಬಳಿಯ ಕ್ರೀಡಾಪುರದ ಶಿಲ್ಪಿ ಹೆಂಡತಿಯನ್ನು ಅಗಲಿ ಊರೂರು ಅಲೆಯುತ್ತಾನೆ. ಬೇಲೂರಿನಲ್ಲಿ ವಿಷ್ಣುವರ್ಧನನ ದೇವಾಲಯಕ್ಕೆ ಉಳಿ ಹಿಡಿಯುತ್ತಾನೆ. ಒಂದು ದಿನ ಗುರುತಿಲ್ಲದ ಹುಡುಗನೊಬ್ಬ ಬಂದು, ಈ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಅದು ನಿಜವಾದರೆ ಕೈ ಕತ್ತರಿಸಿಕೊಳ್ಳುವುದಾಗಿ ಜಕಣ ಪಣ ತೊಡುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿದರೆ ಹೊಕ್ಕುಳ ಸುತ್ತ ಮಾತ್ರ ಒಣಗುವುದಿಲ್ಲ. ಒಡೆದರೆ ಒಳಗೆ ನೀರು, ಮರಳು, ಜೀವಂತ ಕಪ್ಪೆ. ಕೈ ಹೋದ ಮೇಲೆ ತಿಳಿಯುತ್ತದೆ, ಆ ಹುಡುಗ ಡಂಕಣ ತನ್ನ ಮಗನೇ ಎಂದು. ಕೊನೆಗೆ ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬರುತ್ತವೆ, ಊರು ‘ಕೈದಾಳ’ವಾಗುತ್ತದೆ.

ಒಲವು, ಅಗಲಿಕೆ, ಅಹಂಕಾರ, ಶಿಕ್ಷೆ, ಕ್ಷಮೆ, ಎಲ್ಲವೂ ಇರುವ ಕಥೆ. ಆದರೆ ಬೇಲೂರಿನ ಕಲ್ಲುಗಳು ಹೇಳುವ ಕಥೆ ಬೇರೆ.

ಬೇಲೂರಿನ ವಿಜಯನಾರಾಯಣ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಹಾಗೆಂದು ಶಿಲ್ಪಿಗಳು ಅನಾಮಿಕರೂ ಅಲ್ಲ. ಮದನಿಕೆಯರ ಪೀಠಗಳ ಮೇಲೆ, ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನು ತಾವೇ ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ. ಕೆಲವರು ಎದುರಾಳಿ ಶಿಲ್ಪಿಗಳನ್ನು ಮಣಿಸಿದವರೆಂಬ ಬಿರುದನ್ನೂ ಸೇರಿಸಿಕೊಂಡಿದ್ದಾರೆ. ‘ಓಜ’ ಎಂದರೆ ಉಪಾಧ್ಯಾಯ. ಉಳಿ ಹಿಡಿದವನು ಮೇಷ್ಟ್ರು ಕೂಡ ಆಗಿದ್ದ ಕಾಲವದು.

ದಾಸೋಜ ಮತ್ತು ಚಾವಣರ ಹೆಸರುಗಳನ್ನು ಐತಿಹ್ಯದ ಪಕ್ಕದಲ್ಲಿಟ್ಟು ನೋಡಿ. ಕಥೆಯಲ್ಲಿ ಮಗ ಬಂದು ಅಪ್ಪನ ಕೆಲಸದಲ್ಲಿ ತಪ್ಪು ಹುಡುಕುತ್ತಾನೆ, ಅಪ್ಪ ಕೈ ಕಳೆದುಕೊಳ್ಳುತ್ತಾನೆ. ಕಲ್ಲಿನಲ್ಲಿ ಅಪ್ಪ ಮಗ ಒಂದೇ ಗುಡಿಗೆ ದುಡಿಯುತ್ತಾರೆ. ಮಗ ತಾನು ದಾಸೋಜನ ಮಗನೆಂದು ಹೇಳಿಕೊಳ್ಳುತ್ತಾನೆ. ನಾಟಕಕ್ಕೆ ಜಗಳ ಬೇಕು, ಕಸುಬು ನಡೆಯಲು ಸಹವಾಸ ಬೇಕು. ಇಷ್ಟು ದೊಡ್ಡ ಕೆಲಸ ಒಬ್ಬನ ವಿರಹದಿಂದ ಆಗುವಂಥದ್ದಲ್ಲ. ಬಳಪದ ಕಲ್ಲನ್ನು ತರುವವರು, ಒರಟು ರೂಪ ಕೊಡುವವರು, ನಯ ಮಾಡುವವರು, ಇವರೆಲ್ಲರ ಹಿಂದೆ ಬಳ್ಳಿಗಾವೆ, ಗದಗಗಳಲ್ಲಿ ತಲೆಮಾರುಗಳಿಂದ ಪಳಗಿದ ಕೈಗಳು.

ಐತಿಹ್ಯ ಮುಚ್ಚಿದ್ದು ಶಿಲ್ಪಿಗಳನ್ನು ಮಾತ್ರವಲ್ಲ. ಕಪ್ಪೆ ಸಿಕ್ಕಿತೆನ್ನುವ ‘ಕಪ್ಪೆ ಚೆನ್ನಿಗರಾಯ’ನ ಗುಡಿಯನ್ನು ಕಟ್ಟಿಸಿದವಳು ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ. ಇಂದು ಆ ಗುಡಿಯ ಮುಂದೆ ನಿಂತವರಿಗೆ ಮೊದಲು ನೆನಪಾಗುವುದು ಕಪ್ಪೆ, ರಾಣಿಯಲ್ಲ. ಕೈದಾಳದ ಗುಡಿಯೂ ಹಾಗೆಯೇ. ಶಾಸನದ ಪ್ರಕಾರ ಅದು ಹನ್ನೆರಡನೆಯ ಶತಮಾನದ ನಡುವಿನಲ್ಲಿ, ಒಂದನೆಯ ನರಸಿಂಹನ ಕಾಲದಲ್ಲಿ, ಸಾಮಂತ ಬಾಚಿ ಕಟ್ಟಿಸಿದ್ದು.

ಇದೆಲ್ಲ ಸಿನಿಮಾ ಬರುವ ಹೊತ್ತಿಗೆ ಗೊತ್ತಿರದ ಸಂಗತಿಯಲ್ಲ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದು 1902ರಲ್ಲಿ. ಆರ್. ನರಸಿಂಹಾಚಾರ್ಯರು ಬೇಲೂರು ದೇವಾಲಯದ ಬಗ್ಗೆ ಪುಸ್ತಕ ಬರೆದದ್ದು 1919ರಲ್ಲಿ. ಚಿತ್ರ ಬಂದಾಗ ಆ ಪುಸ್ತಕಕ್ಕೇ 45 ವರ್ಷ ತುಂಬಿತ್ತು. ಆದರೂ ಗೆದ್ದದ್ದು ಜಕಣನೇ. ಅದಕ್ಕೆ ಕಾರಣವೂ ಇದೆ. ಉತ್ತರ ಕರ್ನಾಟಕದ ಚಾಲುಕ್ಯ ಗುಡಿಗಳನ್ನೂ ಜನ ಜಕಣಾಚಾರಿಯ ಕೆಲಸವೆಂದೇ ಹೇಳುತ್ತ ಬಂದವರು. ಕನ್ನಡನಾಡು ಒಂದಾದ ಎಂಟು ವರ್ಷಕ್ಕೆ, ಇನ್ನೂ ಮೈಸೂರು ರಾಜ್ಯವೆಂದೇ ಕರೆಸಿಕೊಳ್ಳುತ್ತಿದ್ದ ಕಾಲಕ್ಕೆ, ಬಣ್ಣದಲ್ಲಿ ಬಂದ ಮೊದಲ ಕಥೆ ಇದು. ಎರಡೂ ಕಡೆಯವರು ನಮ್ಮವನೆನ್ನಬಹುದಾದ ಹೆಸರು ಜಕಣನದು. ದಾಸೋಜನಿಗೆ ಆ ಅದೃಷ್ಟವಿರಲಿಲ್ಲ, ಅವನಿಗೆ ಕಥೆಯಿರಲಿಲ್ಲ.

ಇಂದಿಗೂ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನಲ್ಲಿದೆ. ಅದರಲ್ಲಿ ತಪ್ಪೇನಿಲ್ಲ, ಕಸುಬುದಾರರಿಗೆ ಅರಸರ ಪಕ್ಕದಲ್ಲಿ ಜಾಗ ಕೊಟ್ಟ ಕಥೆ ಅದು. ಉಳಿ ಹಿಡಿದವನನ್ನು ನಾಯಕನನ್ನಾಗಿ ತೆರೆಗೆ ತಂದದ್ದೇ ರಂಗಾ ಅವರ ದೊಡ್ಡ ಕೊಡುಗೆ. ಆದರೆ ಒಂದು ಹೆಸರು ಎಲ್ಲರ ಹೆಸರಾಗುವಾಗ ಉಳಿದವರ ಹೆಸರು ಸವೆಯುತ್ತದೆ.

ಕಥೆ ಇಲ್ಲದ ಊರಿಗೆ ಏನಾಗುತ್ತದೆಂದು ನೋಡಬೇಕಾದರೆ ಅರಸೀಕೆರೆಗೆ ಹೋಗಬೇಕು. ಅಲ್ಲಿನ ಈಶ್ವರ ದೇವಾಲಯ 1220ರ ಸುಮಾರಿನದು. ಅದರ ಮುಂದಿನ ತೆರೆದ ಮಂಟಪ ಹದಿನಾರು ಮೂಲೆಗಳ ನಕ್ಷತ್ರದಂತಿದೆ. ಹೊಯ್ಸಳ ಕಟ್ಟಡಗಳಲ್ಲೇ ಅಪರೂಪದ್ದು. ಆದರೆ ಅಲ್ಲಿ ಕಪ್ಪೆಯಿಲ್ಲ, ಕತ್ತರಿಸಿದ ಕೈಯಿಲ್ಲ, ಮಂಜರಿಯಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಅರಸೀಕೆರೆ ಬಹುಮಂದಿಗೆ ಇನ್ನೂ ರೈಲು ಬದಲಿಸುವ ಜಂಕ್ಷನ್ನೇ.

ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್. ಅಲ್ಲಿ ಹೊಯ್ಸಳೇಶ್ವರದ ದಕ್ಷಿಣ ಬಾಗಿಲಿನ ಮೇಲೆ ಕೇದಾರೋಜನ ಹೆಸರಿದೆ. ರೂವಾರಿ ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲೂ ಇದೆ, ಸೋಮನಾಥಪುರದಲ್ಲೂ ಇದೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಕಪ್ಪೆಯ ಕಥೆ ಖಂಡಿತ ಹೇಳಿ, ಅವರು ಕಣ್ಣರಳಿಸಿ ಕೇಳುತ್ತಾರೆ. ಆಮೇಲೆ ಮದನಿಕೆಯ ಕಾಲಬುಡದ ಆ ಸಣ್ಣ ಅಕ್ಷರಗಳನ್ನೂ ತೋರಿಸಿ. ಅವು ಹಳಗನ್ನಡದಲ್ಲಿವೆ, ಓದಲು ತುಸು ಕಷ್ಟ. ಆದರೂ ಅವು ಉಳಿ ಹಿಡಿದವರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಮಾತು.