ಆಟದ ತಂಡ, ಹಳೆ ಬಸ್ಸು: ಗೊಬ್ಬೂರ ಸೀಮೆಯ ಪ್ರಯಾಣದ ಚರಿತ್ರೆ

ಕಲಬುರಗಿಯಿಂದ ಅಫಜಲಪುರದ ಕಡೆ ಹೋಗುವಾಗ ಸಿಗುವ ಗೊಬ್ಬೂರ ಎರೆಭೂಮಿಯ ಊರು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಈ ಬಯಲಿನಲ್ಲಿ ಕುಸ್ತಿ, ಕಬಡ್ಡಿ, ಖೋ ಖೋ, ವಾಲಿಬಾಲ್ ಆಡದ ಊರು ಸಿಗುವುದು ಕಷ್ಟ. ಆಟ ಊರೊಳಗೇ ಇರುವ ತನಕ ಅದಕ್ಕೆ ಬೇಕಾದದ್ದು ಒಂದಿಷ್ಟು ಜಾಗ ಮಾತ್ರ. ಪರ ಊರಿಗೆ ಆಡಲು ಹೊರಟ ಕೂಡಲೇ ಖರ್ಚಿನ ಲೆಕ್ಕ ಶುರುವಾಗುತ್ತದೆ. ಕಬಡ್ಡಿ ಅಂಕಣದಲ್ಲಿ ಆಡುವವರು 7 ಮಂದಿ, ಕಾಯ್ದಿರಿಸಿದವರು 5 ಮಂದಿ. ತರಬೇತುದಾರ, ವ್ಯವಸ್ಥಾಪಕ, ಹುರುಪಿನಿಂದ ಜೊತೆಗೆ ಬರುವ ನಾಲ್ಕಾರು ಜನ ಸೇರಿದರೆ ಜೀಪು ಸಾಲದು, ಬಸ್ಸು ತುಂಬದು. ಈ ಭಾಗದ ತಂಡಗಳ ಪ್ರಯಾಣವೆಲ್ಲ ಈ ಇಕ್ಕಟ್ಟಿನೊಳಗೇ ನಡೆದು ಬಂದಿದೆ. ತಂಡಕ್ಕೊಂದು ಹಳೆ ಬಸ್ಸು ಕೊಳ್ಳುವ ಯೋಚನೆ ಹುಟ್ಟಿದ್ದೂ ಅಲ್ಲಿಂದಲೇ.

ಮೋಟಾರು ಬರುವ ಮೊದಲು ಪೈಲ್ವಾನರು ಜಾತ್ರೆಯ ಕುಸ್ತಿಗೆ ನಡೆದು ಹೋಗುತ್ತಿದ್ದರು, ಇಲ್ಲವೇ ಎತ್ತಿನ ಬಂಡಿ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಅದೂ ಕಷ್ಟ. ನೆನೆದ ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಎತ್ತುಗಳು ಹೆಜ್ಜೆ ಕಿತ್ತಿಡಲಾರವು. ಆದ್ದರಿಂದ ದೂರದ ಪ್ರಯಾಣಕ್ಕೆ ಬೇಸಿಗೆಯೇ ಕಾಲ. ಜಾತ್ರೆಗಳೂ ಹೆಚ್ಚಾಗಿ ಆಗಲೇ. ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. ಸೊಲ್ಲಾಪುರ, ಕಲಬುರಗಿ, ವಾಡಿ ಒಂದೇ ದಾರಕ್ಕೆ ಪೋಣಿಸಿದಂತಾದವು. ಗಾಣಗಾಪುರ ರೋಡ್ ನಿಲ್ದಾಣ ದತ್ತಾತ್ರೇಯನ ಭಕ್ತರಿಗೆ ಹೇಗೆ ಅನುಕೂಲವಾಯಿತೋ ಸೊಲ್ಲಾಪುರ, ಕೊಲ್ಹಾಪುರದ ಕಡೆಯ ಕುಸ್ತಿ ಕಣಗಳಿಗೆ ಹೋಗುವವರಿಗೂ ಹಾಗೆಯೇ ಆಯಿತು. ಆದರೆ ನಿಲ್ದಾಣದಿಂದ ಊರಿನವರೆಗೆ ಮತ್ತೆ ಬಂಡಿಯೇ ಗತಿ.

ಬಸ್ಸು ಈ ಸೀಮೆಗೆ ಬಂದದ್ದು ಸರಕಾರದ ಕೈಯಿಂದ. ಇದು ನೆನಪಿಡಬೇಕಾದ ಸಂಗತಿ. ಆಗ ಕಲಬುರಗಿ ಹೈದರಾಬಾದ್ ನಿಜಾಮನ ರಾಜ್ಯಕ್ಕೆ ಸೇರಿತ್ತು. 1932ರಲ್ಲಿ ನಿಜಾಮನ ಸರಕಾರಿ ರೈಲ್ವೆ 27 ಬಸ್ಸು ಮತ್ತು 166 ನೌಕರರೊಂದಿಗೆ ತನ್ನದೇ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ಆ ಕಾಲದ ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಕರಾವಳಿ, ಮಲೆನಾಡುಗಳಲ್ಲಿ ಖಾಸಗಿ ಮಾಲೀಕರು ಬಸ್ಸು ಹಾಕಿ, ಗ್ಯಾರೇಜು ಕಟ್ಟಿ, ಮಿಸ್ತ್ರಿಗಳ ತಲೆಮಾರುಗಳನ್ನೇ ಬೆಳೆಸಿದರು. ನಿಜಾಮನ ನಾಡಿನಲ್ಲಿ ಅದಕ್ಕೆ ಅಷ್ಟು ಅವಕಾಶ ಇರಲಿಲ್ಲ. ಬಸ್ಸೆಂದರೆ ಸರಕಾರದ್ದು ಎಂಬ ಭಾವನೆ ಇಲ್ಲಿ ಗಟ್ಟಿಯಾಗಿ ಬೇರೂರಿತು. ಕರಾವಳಿಯ ಯಕ್ಷಗಾನ ಮೇಳಗಳು ಕಲಾವಿದರಿಗೆ, ಸರಂಜಾಮಿಗೆ ಸ್ವಂತ ವಾಹನ ಇಟ್ಟುಕೊಂಡು ತಿರುಗಾಟ ನಡೆಸುವಾಗ, ಈ ಬಯಲಿನ ಆಟದ ತಂಡಗಳು ಬಹುಕಾಲ ಅಂಥದ್ದನ್ನು ಯೋಚಿಸದೆ ಇದ್ದುದಕ್ಕೆ ಬಡತನವೊಂದೇ ಕಾರಣವಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿತು. 1951ರ ನವೆಂಬರಿನಲ್ಲಿ ಬಸ್ಸುಗಳು ರೈಲ್ವೆಯಿಂದ ಹೈದರಾಬಾದ್ ರಾಜ್ಯ ಸರಕಾರದ ಕೈಗೆ ಬಂದವು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯದ ಜಿಲ್ಲೆಯಾಯಿತು. 1961ರ ಆಗಸ್ಟಿನಲ್ಲಿ ಮೈಸೂರಿನ ಸಾರಿಗೆ ಇಲಾಖೆ ನಿಗಮವಾಯಿತು. ಕಲಬುರಗಿಯನ್ನೇ ಕೇಂದ್ರ ಮಾಡಿಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿದ್ದು 2000ದಲ್ಲಿ. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದಾಯಿತು. ಹೆಸರುಗಳು ಬದಲಾದರೂ ಊರಿಗೆ ಬರುವುದು ಕೆಂಪು ಬಸ್ಸೇ. ಶಾಲೆಯ ತಂಡಗಳು ತಾಲೂಕು ಮಟ್ಟದಲ್ಲಿ ಗೆದ್ದು ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಹೋದದ್ದು ಈ ಬಸ್ಸಿನ ಸೀಟು ಹಿಡಿದು, ಸೀಟು ಸಿಗದಿದ್ದರೆ ಕಂಬಿ ಹಿಡಿದು. ನಾಲ್ಕು ತಾಸು ನಿಂತು ಬಂದ ಕಾಲುಗಳು ಎದುರಾಳಿಯ ಅಂಕಣದಲ್ಲಿ ಏನು ಮಾಡಬಲ್ಲವು ಎಂಬುದನ್ನು ಸ್ಪರ್ಧೆಯ ಫಲಿತಾಂಶಪಟ್ಟಿಗಳು ಹೇಳುವುದಿಲ್ಲ. ಹಳ್ಳಿಯ ತಂಡಗಳ ಸೋಲು ಗೆಲುವನ್ನು ಅಳೆಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಇಡೀ ಬಸ್ಸನ್ನು ಬಾಡಿಗೆಗೆ ಹಿಡಿಯುವ ದಾರಿಯೂ ಇತ್ತು. ಅದರ ಚರಿತ್ರೆ ಹೆಚ್ಚು ಜನರಿಗೆ ಗೊತ್ತಿಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರ ಜನವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ ಖಾಸಗಿಯವರ ಕರಾರು ಬಸ್ಸುಗಳನ್ನು, ಅವುಗಳ ಪರ್ಮಿಟ್ ಸಮೇತ, ವಶಕ್ಕೆ ತೆಗೆದುಕೊಂಡಿತು. ಒಬ್ಬ ಗಿರಾಕಿಯೊಂದಿಗೆ ಕರಾರು ಮಾಡಿಕೊಂಡು ಒಂದು ಗುಂಪನ್ನು ಒಯ್ಯಬೇಕಾದ ಬಸ್ಸುಗಳು ದಾರಿಯುದ್ದಕ್ಕೂ ಬಿಡಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಮಾರ್ಗದ ಬಸ್ಸಿನಂತೆ ಓಡುತ್ತಿವೆ ಎಂಬುದು ಸರಕಾರ ಕೊಟ್ಟ ಕಾರಣ. ಅದೇ ವರ್ಷ ಸುಗ್ರೀವಾಜ್ಞೆ ಕರ್ನಾಟಕ ಕರಾರು ವಾಹನಗಳ ಸ್ವಾಧೀನ ಕಾಯ್ದೆಯಾಯಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಇಂದಿಗೂ ಸಂವಿಧಾನದ ಚರ್ಚೆಯಲ್ಲಿ ಈ ತೀರ್ಪಿನ ಮಾತು ಬರುತ್ತದೆ, ವಿಶೇಷವಾಗಿ ಸಮುದಾಯದ ಭೌತಿಕ ಸಂಪತ್ತು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ. ಅಷ್ಟು ದೊಡ್ಡ ಪ್ರಶ್ನೆಯ ಮೂಲದಲ್ಲಿ ಇದ್ದದ್ದು ಮದುವೆ ದಿಬ್ಬಣ, ಯಾತ್ರೆ, ಪಂದ್ಯಗಳಿಗೆ ಜನರನ್ನು ಒಯ್ಯುತ್ತಿದ್ದ ಬಸ್ಸುಗಳು.

ಆ ಮೇಲೆ ಕರಾರು ಬಸ್ಸಿಗೆ ಹೊಸ ಪರ್ಮಿಟ್ ಪಡೆಯುವ ಹಕ್ಕು ಕಾನೂನಿನ ಪ್ರಕಾರ ನಿಗಮಕ್ಕೆ ಮಾತ್ರ ಇತ್ತು. ತಂಡಕ್ಕೆ ಬಸ್ಸು ಬೇಕೆಂದರೆ ಡಿಪೋಕ್ಕೆ ಅರ್ಜಿ ಕೊಟ್ಟು, ಮುಂಗಡ ಕಟ್ಟಬೇಕಿತ್ತು. ಹಳ್ಳಿಯ ತಂಡಗಳಿಗೆ ಈ ಖರ್ಚು ಎಟಕುತ್ತಿರಲಿಲ್ಲ. ಅವು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಲಾರಿಯಲ್ಲಿ, ಟೆಂಪೋದಲ್ಲಿ ಹೋದವು. ಸರಕಿನ ಗಾಡಿಯಲ್ಲಿ ಜನರನ್ನು ಕೂಡಿಸುವುದು ಕಾನೂನಿಗೆ ವಿರುದ್ಧ. ಗಾಡಿ ಮಗುಚಿದರೆ ವಿಮೆಯ ಹಣವೂ ಅನುಮಾನ. 1986ರಲ್ಲಿ ಟಾಟಾ 407, ಅದರ ಬೆನ್ನಿಗೇ ಬಜಾಜ್ ಟೆಂಪೋದ ಟ್ರಾವೆಲರ್, ಟ್ರ್ಯಾಕ್ಸ್ ಗಾಡಿಗಳು ಬಂದವು. ಟ್ರ್ಯಾಕ್ಸ್ ಕುಲದ ಕ್ರೂಸರ್ ಕಲಬುರಗಿ ಸೀಮೆಯ ಮದುವೆ, ಜಾತ್ರೆ, ಪಂದ್ಯ ಎಲ್ಲಕ್ಕೂ ಹೊಂದಿಕೊಂಡಿತು. ಆದರೂ ಅದು ಹನ್ನೆರಡು ಜನರ ಗಾಡಿ. ತಂಡ ದೊಡ್ಡದಾದರೆ ಎರಡು ಗಾಡಿ, ಎರಡು ಬಾಡಿಗೆ.

2003ರಲ್ಲಿ ರಾಜ್ಯ ಶಾಸಕಾಂಗ 1976ರ ಕಾಯ್ದೆಯನ್ನು ರದ್ದುಮಾಡಿತು. ಆ ರದ್ದತಿಯೂ ನ್ಯಾಯಾಲಯದ ಮೆಟ್ಟಿಲೇರಿತು. ಅದು ಸಿಂಧು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2025ರ ಜನವರಿಯಲ್ಲಿ. ಇದೇ ಅವಧಿಯಲ್ಲಿ ಖಾಸಗಿ ಶಾಲೆ, ಇಂಜಿನಿಯರಿಂಗ್ ಕಾಲೇಜುಗಳು ಹಳದಿ ಬಸ್ಸುಗಳನ್ನು ಕೊಂಡವು. ಕೆಲವು ವರ್ಷ ಓಡಿದ ಮೇಲೆ ಅವು ಮಾರಾಟಕ್ಕೆ ಬಂದವು. ಹೀಗೆ ಮೊದಲ ಬಾರಿಗೆ, ಲಾರಿಯ ಬೆಲೆಯಲ್ಲಿ ಅಲ್ಲದೆ ಟ್ರ್ಯಾಕ್ಟರಿನ ಬೆಲೆಯ ಆಸುಪಾಸಿನಲ್ಲಿ ಒಂದು ಬಸ್ಸು ಸಂಘ ಸಂಸ್ಥೆಗಳ ಕೈಗೆ ಸಿಗುವ ಕಾಲ ಬಂತು.

ಹಳೆ ಬಸ್ಸುಗಳಲ್ಲಿ ಎರಡು ಬಗೆ. ದೂರ ಮಾರ್ಗದಲ್ಲಿ ಓಡಿದ ಬಸ್ಸು ಲಕ್ಷಗಟ್ಟಲೆ ಕಿಲೋಮೀಟರ್ ಕಂಡಿರುತ್ತದೆ, ಆದರೆ ಎಂಜಿನ್ ಒಂದೇ ಹದದಲ್ಲಿ ದುಡಿದಿರುತ್ತದೆ. ಶಾಲೆಯ ಬಸ್ಸಿನ ಮೀಟರ್ ಕಡಿಮೆ ತೋರಿಸುತ್ತದೆ. ಕೊಳ್ಳುವವರು ಮರುಳಾಗುವುದು ಅಲ್ಲಿಯೇ. ಓಣಿ ಓಣಿಗೆ ನಿಂತು ಹೊರಡುವ ಗಾಡಿಯಲ್ಲಿ ಕ್ಲಚ್ ಪ್ಲೇಟು, ಬ್ರೇಕ್ ಲೈನರ್, ಸ್ಟಾರ್ಟರ್ ಮೋಟಾರು ಬೇಗ ಸವೆಯುತ್ತವೆ. ಇನ್ನೊಂದು ತೊಡಕು ಸೀಟಿನದು. ಮಕ್ಕಳಿಗೆಂದು ಹತ್ತಿರ ಹತ್ತಿರ ಕೂಡಿಸಿದ ಸೀಟುಗಳ ನಡುವೆ ವಾಲಿಬಾಲ್ ಆಟಗಾರನ ಮೊಣಕಾಲು ಹಿಡಿಸುವುದಿಲ್ಲ. ಸೀಟಿನ ಸಾಲು ಕಿತ್ತು ದೂರ ಹಾಕಿದರೆ ಆಸನಗಳ ಸಂಖ್ಯೆ ಬದಲಾಗುತ್ತದೆ, ಅದನ್ನು ಆರ್‌ಸಿಯಲ್ಲಿ ತಿದ್ದಿಸಬೇಕು.

ಕಾಗದಪತ್ರದಲ್ಲಿ ಎಚ್ಚರ ತಪ್ಪಿದರೆ ಅಗ್ಗದ ಬಸ್ಸು ದುಬಾರಿಯಾಗುತ್ತದೆ. ಚಾಸಿ ಮತ್ತು ಎಂಜಿನ್ ಸಂಖ್ಯೆ ಆರ್‌ಸಿಗೆ ಹೊಂದಬೇಕು. ಸಾಲವಿದ್ದರೆ ಬ್ಯಾಂಕಿನ ಋಣಮುಕ್ತಿ ಪತ್ರ ಬೇಕು. ಗೊಬ್ಬೂರ ಸೀಮೆಗೆ ಸೊಲ್ಲಾಪುರ ಹತ್ತಿರ. ಅಲ್ಲಿಯ ಎಂಎಚ್‌-13 ಬಸ್ಸು ಕೊಂಡರೆ ಮಹಾರಾಷ್ಟ್ರದ ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಕೆಎ-32 ಸಂಖ್ಯೆ ಪಡೆಯಬೇಕು. 1988ರ ಮೋಟಾರು ವಾಹನ ಕಾಯ್ದೆ ಬಸ್ಸನ್ನು ಅದರ ಬಳಕೆಯಿಂದ ಗುರುತಿಸುತ್ತದೆ. ಶಿಕ್ಷಣ ಸಂಸ್ಥೆಯದ್ದು ಒಂದು ವರ್ಗ, ಬಾಡಿಗೆಯ ಕರಾರು ವಾಹನ ಇನ್ನೊಂದು, ಬಾಡಿಗೆ ಪಡೆಯದೆ ಸ್ವಂತಕ್ಕೆ ಓಡಿಸುವುದು ಮತ್ತೊಂದು. ತೆರಿಗೆ, ವಿಮೆ, ಪರ್ಮಿಟ್ ಎಲ್ಲವೂ ಇದರ ಮೇಲೆ ನಿಂತಿವೆ. ಡೀಸೆಲ್ ಖರ್ಚು ಹೊಂದಿಸಲು ಪಕ್ಕದ ಊರಿನ ಮದುವೆಗೆ ಬಸ್ಸು ಕೊಟ್ಟು ಹಣ ಪಡೆದರೆ ವರ್ಗವೇ ಬದಲಾಗುತ್ತದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದು ಇದನ್ನೇ. ಎಫ್‌ಸಿ ಎಂದು ಎಲ್ಲರೂ ಕರೆಯುವ ಅರ್ಹತಾ ಪತ್ರ ವಾಣಿಜ್ಯ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಎಂದು 2018ರಲ್ಲಿ ನಿಯಮವಾಯಿತು.

ಗಾಡಿ ನೋಡುವಾಗ ಬಣ್ಣ, ಸೀಟಿನ ಕವರು ನೋಡಿ ಫಲವಿಲ್ಲ. ಅನುಭವಿ ಮಿಸ್ತ್ರಿ ನೇರವಾಗಿ ಅಡಿಗೆ ತೂರುತ್ತಾನೆ. ಮೆಟ್ಟಿಲ ಬುಡ, ಹಿಂಬದಿಯ ನೆಲ, ಗಾಲಿಯ ಮೇಲಿನ ತಗಡು ತುಕ್ಕು ಮೊದಲು ಹಿಡಿಯುವ ಜಾಗಗಳು. ಪಾಟಾದ ಎಲೆಗಳಲ್ಲಿ ಬಿರುಕು ಇದೆಯೇ, ಕಿಂಗ್‌ಪಿನ್ ಸಡಿಲವಾಗಿದೆಯೇ ಎಂದು ಗಾಲಿ ಅಲುಗಿಸಿ ನೋಡುತ್ತಾನೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ರಭಸದಿಂದ ಹೊರಬಂದರೆ ಪಿಸ್ಟನ್ ರಿಂಗು ಸವೆದಿವೆ ಎಂದರ್ಥ. ಎಲ್ಲಕ್ಕಿಂತ ಮುಖ್ಯ ಗಾಳಿ ಬ್ರೇಕಿನ ಪರೀಕ್ಷೆ. ಅದಕ್ಕೆ ಯಂತ್ರವೂ ಬೇಡ, ದುಡ್ಡೂ ಬೇಡ. ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ಎಂಜಿನ್ ಚಾಲೂ ಮಾಡಬೇಕು. ಒತ್ತಡದ ಮುಳ್ಳು ಸಾಮಾನ್ಯವಾಗಿ 7–8 ಬಾರ್ ತನಕ ಏರುತ್ತದೆ; ಬಹಳ ಹೊತ್ತು ಹಿಡಿದರೆ ಕಂಪ್ರೆಸರ್ ದಣಿದಿದೆ. ಆಮೇಲೆ ಎಂಜಿನ್ ನಿಲ್ಲಿಸಿ, ಪೆಡಲ್ ತುಳಿದು ಹಿಡಿದು, ಸುಮ್ಮನೆ ಕಿವಿಗೊಡಬೇಕು. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಬಸ್ಸಿನಲ್ಲಿ ಈ ಒಂದು ಪರೀಕ್ಷೆಗೆ ರಿಯಾಯಿತಿ ಇರಕೂಡದು.

ಕೊಂಡ ಮೇಲಿನ ಮುಖ್ಯ ಕಷ್ಟ ಓಟದ್ದಲ್ಲ, ನಿಲುಗಡೆಯದು. ಮಾರ್ಗದ ಬಸ್ಸು ದಿನವೂ ಓಡುತ್ತದೆ, ಸಂಜೆಗೆ ಡಿಪೋ ಸೇರುತ್ತದೆ, ದೊಡ್ಡ ರಿಪೇರಿಗೆ ಯಾದಗಿರಿಯಲ್ಲಿ ನಿಗಮದ ಪ್ರಾದೇಶಿಕ ಕಾರ್ಯಾಗಾರವಿದೆ. ತಂಡದ ಬಸ್ಸು ಪಂದ್ಯದ ಹಂಗಾಮಿನಲ್ಲಿ ಓಡಿ, ಉಳಿದ ತಿಂಗಳು ಬಯಲಲ್ಲಿ ನಿಲ್ಲುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುವ ಬಿಸಿಲು. ಒಂದೇ ಕಡೆ ಭಾರ ಹೊತ್ತು ನಿಂತ ಟೈರಿನ ಪಕ್ಕೆ ಬಿರಿಯುತ್ತದೆ, ಬ್ಯಾಟರಿಯ ನೀರು ಆರುತ್ತದೆ, ಬ್ರೇಕು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಇಲಿಗಳು ವೈರಿಂಗ್ ಕಡಿಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಬಸ್ಸನ್ನು ಕೆಲವು ಕಿಲೋಮೀಟರ್ ಓಡಿಸುವುದು, ಬ್ಯಾಟರಿಯ ತಂತಿ ಕಳಚಿಡುವುದು, ಗಾಳಿ ಟ್ಯಾಂಕಿನ ಅಡಿಯ ವಾಲ್ವು ತೆರೆದು ಕೂಡಿದ ನೀರು ಬಿಡುವುದು ರೂಢಿಯಾಗಬೇಕು. ಎರೆಮಣ್ಣಿನ ನುಣುಪು ಧೂಳು ಏರ್ ಫಿಲ್ಟರಿನ ಶತ್ರು. ತೊಗರಿ ರಾಶಿಯ ದಿನಗಳಲ್ಲಿ ಫಿಲ್ಟರನ್ನು ಕೈಪಿಡಿ ಹೇಳಿದ್ದಕ್ಕಿಂತ ಬೇಗ ತೆಗೆದು ನೋಡಬೇಕಾಗುತ್ತದೆ. ಮಳೆ ಬಿದ್ದ ಮೇಲೆ ಬಸ್ಸನ್ನು ಮಣ್ಣಿನ ಮೇಲೆ ನಿಲ್ಲಿಸಲೇಬಾರದು, ಹೂತರೆ ಜೆಸಿಬಿ ತರಿಸಬೇಕು. ಭಾರೀ ವಾಹನದ ಲೈಸೆನ್ಸ್ ಇರುವ ಒಬ್ಬ ನಿಗದಿತ ಚಾಲಕ, ಒಂದು ಲಾಗ್ ಪುಸ್ತಕ ಇದ್ದರೆ ಈ ಕೆಲಸಗಳು ನಡೆಯುತ್ತವೆ. ಎಲ್ಲರದೂ ಆದ ಬಸ್ಸು ಯಾರದೂ ಅಲ್ಲದಂತಾದರೆ ಎರಡನೇ ಬೇಸಿಗೆಗೇ ಗುಜರಿ ಅಂಗಡಿ ಸೇರುತ್ತದೆ.

2023 ಈ ಚರಿತ್ರೆಯಲ್ಲಿ ಎರಡು ತಿರುವುಗಳ ವರ್ಷ. ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ ಎಂಬ ಕೇಂದ್ರದ ನಿಯಮ ಜಾರಿಯಾಯಿತು. ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿದವು. ಅಂಥವು ನೋಂದಾಯಿತ ಗುಜರಿ ಘಟಕಕ್ಕೇ ಹೋಗಬೇಕು. ಹೀಗಾಗಿ ಹಳೆ ಬಸ್ಸು ಹುಡುಕುವ ತಂಡಕ್ಕೆ ಉಳಿದದ್ದು ಶಾಲೆ, ಕಾಲೇಜು, ಖಾಸಗಿ ಟ್ರಾವೆಲ್ಸುಗಳ ಬಸ್ಸು ಮಾತ್ರ. ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಹೆಣ್ಣುಮಕ್ಕಳ ಖೋ ಖೋ, ಕಬಡ್ಡಿ ತಂಡಗಳು ದಸರಾ ಕ್ರೀಡಾಕೂಟಕ್ಕೆ ತಾಲೂಕಿನಿಂದ ಕಲಬುರಗಿಗೆ ಹೋಗುವ ಖರ್ಚು ಇದರಿಂದ ಇಳಿಯಿತು. ಗಂಡುಮಕ್ಕಳ ತಂಡಗಳು ಕ್ರೂಸರಿನ ಬಾಡಿಗೆಯನ್ನು ಮೊದಲಿನಂತೆ ಹಂಚಿಕೊಳ್ಳುತ್ತವೆ. ಬಸ್ಸು ಇಟ್ಟುಕೊಳ್ಳುವ ಶಕ್ತಿ ಈಗಲೂ ಹೆಚ್ಚಾಗಿ ಇರುವುದು ವರ್ಷವಿಡೀ ಅದಕ್ಕೆ ಕೆಲಸ ಕೊಡಬಲ್ಲ ಶಿಕ್ಷಣ ಸಂಸ್ಥೆಗಳಿಗೆ. ಅಲ್ಲಿ ವಾರದ ದಿನ ಪಾಠಕ್ಕೆ ಮಕ್ಕಳನ್ನು ತರುವ ಬಸ್ಸೇ ಭಾನುವಾರ ತಂಡವನ್ನು ಪಂದ್ಯಕ್ಕೆ ಒಯ್ಯುತ್ತದೆ.